ಓದುಗರ ಪ್ರಶ್ನೆ, ನಮ್ಮ ಉತ್ತರ: ಫ್ರಾನ್ಸಿನ ಚಿಕ್ಕ ನದಿಯ ಕಣಿವೆಯಲ್ಲಿ ಸೈಕಲ್ ಪ್ರವಾಸ

ನಾವು ದಂಪತಿ, ಐವತ್ತು ದಾಟಿದವರು. ಫ್ರಾನ್ಸಿನ ಲ್ವಾರ್ ನದಿಯ ಸೈಕಲ್ ದಾರಿ ಚೆನ್ನಾಗಿದೆ, ಆದರೆ ಬೇಸಿಗೆಯಲ್ಲಿ ಜನ ಜಾಸ್ತಿ ಎಂದು ಕೇಳಿದ್ದೇವೆ. ಒಂದು ವಾರದಲ್ಲಿ ಮುಗಿಯುವ, ಹಳೆಯ ಊರುಗಳಿರುವ, ಸದ್ದಿಲ್ಲದ ದಾರಿ ಯಾವುದಿದೆ? – ಬದಿಯಡ್ಕದ ಓದುಗರೊಬ್ಬರು

ನೀವು ಕೇಳಿದ್ದು ದೊಡ್ಡ ಲ್ವಾರ್ ನದಿಯ ದಾರಿ. ನೆವೇರ್ ಪಟ್ಟಣದ ಬಳಿಯಿಂದ ಅಟ್ಲಾಂಟಿಕ್ ತೀರದವರೆಗೆ ಸುಮಾರು 900 ಕಿ.ಮೀ. ಅರಮನೆಗಳೆಲ್ಲ ಅದರ ಮೇಲೆಯೇ ಇರುವುದರಿಂದ ಜುಲೈ, ಆಗಸ್ಟಿನಲ್ಲಿ ಜಂಗುಳಿ ಇದ್ದೇ ಇರುತ್ತದೆ. ಅದರ ಉತ್ತರಕ್ಕೆ, ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ, ಅದೇ ಉಚ್ಚಾರದ ಇನ್ನೊಂದು ಚಿಕ್ಕ ನದಿ ಹರಿಯುತ್ತದೆ. ಫ್ರೆಂಚ್ ಬರಹದಲ್ಲಿ ದೊಡ್ಡದರ ಕೊನೆಗೆ ‘ಇ’ ಅಕ್ಷರವಿದೆ, ಚಿಕ್ಕದಕ್ಕಿಲ್ಲ. ವಸತಿ ಕಾದಿರಿಸುವಾಗ ಇದನ್ನು ನೋಡಿಕೊಳ್ಳದಿದ್ದರೆ ಬೇರೆ ಕಣಿವೆಯಲ್ಲಿ ಕೋಣೆ ಸಿಕ್ಕೀತು. ನಿಮಗೆ ನಾವು ಹೇಳುವುದು ಈ ಚಿಕ್ಕ ಲ್ವಾರ್ ಕಣಿವೆಯನ್ನೇ. ಮೂಲವಾದ ಸಾಂತೆಮಾಂ ಹಳ್ಳಿಯಿಂದ ಆಂಜೆ ನಗರದವರೆಗೆ ಸುಮಾರು 330 ಕಿ.ಮೀ. ಉದ್ದದ ಗುರುತಿಸಿದ ಸೈಕಲ್ ದಾರಿಯಿದೆ, ಸಂಖ್ಯೆ ವಿ 47. ಬಿಳಿ ಫಲಕದ ಮೇಲೆ ಹಸಿರು ಸೈಕಲ್ ಚಿತ್ರ ಹುಡುಕಿ. ಬಹುಪಾಲು ಪ್ರತ್ಯೇಕ ಸೈಕಲ್ ಪಥವಲ್ಲ, ವಾಹನ ವಿರಳವಾದ ಹಳ್ಳಿಯ ಡಾಮರು ರಸ್ತೆ.

ಹೆಚ್ಚಿನವರು ಮೂಲದಿಂದ ಕೆಳಗೆ ಹೊರಡುತ್ತಾರೆ. ನಮ್ಮ ಸಲಹೆ ತಿರುಗುಮುರುಗು: ಆಂಜೆಯಿಂದ ಹೊರಟು ಮೇಲಕ್ಕೆ ಬನ್ನಿ. ಅಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ; ಮೇಲಕ್ಕೆ ಹೋಗುವವರಿಗೆ ಅದು ಬೆನ್ನ ಹಿಂದಿನ ಗಾಳಿ. ಇಡೀ ದಾರಿಯಲ್ಲಿ ನದಿ ಇಳಿಯುವುದು 150 ಮೀಟರಿನ ಆಸುಪಾಸು ಮಾತ್ರ, ಆದ್ದರಿಂದ ‘ಏರುಮುಖ’ ಎಂಬ ಭಯ ಬೇಡ. ಗಾಳಿಯ ಲೆಕ್ಕ ದೊಡ್ಡದಾಗುವುದು ಕೊನೆಯ ಭಾಗದಲ್ಲಿ. ಅಲ್ಲಿ ಕಣಿವೆ ಮುಗಿದು ಬೋಸ್ ಎಂಬ ಗೋಧಿ ಬಯಲು ತೆರೆದುಕೊಳ್ಳುತ್ತದೆ. ತಡೆಯಲು ಮರವಿಲ್ಲ, ಗುಡ್ಡವಿಲ್ಲ.

ದಿನಕ್ಕೆ 45ರಿಂದ 55 ಕಿ.ಮೀ. ಇಟ್ಟುಕೊಂಡರೆ ಏಳು ದಿನ. ಆಂಜೆಯಲ್ಲಿ 17 ಗೋಪುರಗಳ ಕೋಟೆಯನ್ನೂ ಅದರೊಳಗಿನ 14ನೇ ಶತಮಾನದ ಉದ್ದನೆಯ ನೇಯ್ಗೆ ಚಿತ್ರವನ್ನೂ ಹೊರಡುವ ಹಿಂದಿನ ದಿನವೇ ನೋಡಿಬಿಡಿ. ಮೊದಲ ರಾತ್ರಿ ದುರ್ತಾಲ್. ಎರಡನೆಯ ದಿನ ಲಾ ಫ್ಲೆಶ್ ದಾಟಿ ಲ ಲ್ಯೂದ್. ಲಾ ಫ್ಲೆಶ್‌ನ ಜೆಸ್ವಿಟ್ ವಿದ್ಯಾಲಯದಲ್ಲಿ ತತ್ತ್ವಜ್ಞಾನಿ ದೆಕಾರ್ತ್ ಓದಿದ್ದರು, ಲ ಲ್ಯೂದ್‌ನಲ್ಲಿ ನದಿಯಂಚಿಗೇ ತೋಟವಿರುವ ಅರಮನೆಯಿದೆ. ಮೂರನೆಯದು ಶಾತೋ-ದ್ಯು-ಲ್ವಾರ್.

ಅಲ್ಲಿಂದ ವಾಂದೋಮ್‌ವರೆಗಿನ ಎರಡು ದಿನ ಈ ಪ್ರವಾಸದ ತಿರುಳು, ಅವಸರ ಮಾಡಲೇಬೇಡಿ. ಬದಿಯ ದಿಬ್ಬಗಳೆಲ್ಲ ತೂಫೋ ಎಂಬ ಮೆದು ಬಿಳಿ ಸುಣ್ಣಕಲ್ಲು. ನಮ್ಮ ಕೆಂಪುಕಲ್ಲಿನ ಕೋರೆಗಳ ಹಾಗೆ ಅಲ್ಲೂ ಮನೆ ಕಟ್ಟಲು ಕಲ್ಲು ಕಡಿದರು. ಕಡಿದು ಉಳಿದ ಗುಹೆಗಳಿಗೆ ಬಾಗಿಲು, ಕಿಟಕಿ, ಹೊಗೆಗೂಡು ಇಟ್ಟು ಅವುಗಳಲ್ಲೂ ಸಂಸಾರ ಹೂಡಿದರು. ತ್ರೋ ಹಳ್ಳಿಯಲ್ಲಿ ಇಂಥ ಮನೆಗಳು ದಿಬ್ಬದ ಮೇಲೆ ಸಾಲುಸಾಲಾಗಿವೆ. ಸೈಕಲನ್ನು ಕೆಳಗೆ ಬೀಗ ಹಾಕಿ ನಡೆದೇ ಹತ್ತಿ, ಓಣಿಗಳಲ್ಲಿ ಮೆಟ್ಟಿಲುಗಳಿವೆ. ಹತ್ತಿರದ ಕೂತ್ಯೂರ್‌ನಲ್ಲಿ ಕವಿ ರೊನ್ಸಾರ್ 1524ರಲ್ಲಿ ಹುಟ್ಟಿದ ಲಾ ಪೊಸೊನಿಯೇರ್ ಮನೆ ಇದೆ. ಮೊಂತ್ವಾರ್ ರೈಲು ನಿಲ್ದಾಣದಲ್ಲಿ 1940ರ ಅಕ್ಟೋಬರ್ 24ರಂದು ಫ್ರಾನ್ಸಿನ ಆಗಿನ ಸರ್ಕಾರದ ಮುಖ್ಯಸ್ಥ ಪೆತಾಂ ಹಿಟ್ಲರನನ್ನು ಭೇಟಿಯಾಗಿ ಕೈ ಕುಲುಕಿದರು. ಅಲ್ಲಿಂದ ಸ್ವಲ್ಪವೇ ದೂರದ ಲಾವರ್ದ್ಯಾಂನಲ್ಲಿ ಪಾಳು ಕೋಟೆಯ ಕೆಳಗಿನ ಇಗರ್ಜಿಯ ಗೋಡೆಗಳಲ್ಲಿ ಮಧ್ಯಯುಗದ ಬಣ್ಣದ ಚಿತ್ರಗಳು ಇನ್ನೂ ಇವೆ. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳುವಷ್ಟು ಹೊತ್ತು ನಿಂತು ನೋಡಿ. ವಾಂದೋಮ್‌ನಲ್ಲಿ ನದಿ ಊರೊಳಗೇ ಕವಲಾಗಿ ಹರಿಯುತ್ತದೆ, ತ್ರಿನಿತೆ ಮಠದ ಮುಂಭಾಗದ ಕಲ್ಲಿನ ಕೆತ್ತನೆ ಉರಿಯುವ ಜ್ವಾಲೆಯ ರೂಪದ್ದು.

ಆರನೆಯ ದಿನ ಶಾತೋದನ್, ಬಂಡೆಯ ತುದಿಯಲ್ಲಿ ನಿಂತ ಕೋಟೆ. ಏಳನೆಯ ದಿನ ಬೊನ್ವಾಲ್ ಮೇಲಾಗಿ ಇಲಿಯೆ-ಕೊಂಬ್ರೆ. ಅಲ್ಲಿಂದ ಶಾರ್ತ್ರ್ ನಗರಕ್ಕೆ ರೈಲಿದೆ, ಮುಂದೆ ಪ್ಯಾರಿಸ್. ನಡುವೆ ಆರೋಗ್ಯ ಕೆಟ್ಟರೆ ರೈಲು ಹಿಡಿಯಲು ಶಾತೋ-ದ್ಯು-ಲ್ವಾರ್, ವಾಂದೋಮ್, ಶಾತೋದನ್ ನೆನಪಿಡಿ. ಲಾ ಫ್ಲೆಶ್‌ಗೆ ಪ್ರಯಾಣಿಕರ ರೈಲಿಲ್ಲ, ಆದ್ದರಿಂದ ಎರಡನೆಯ ದಿನದ ಯೋಜನೆಯನ್ನು ಬಿಗಿಯಾಗಿ ಇಡಬೇಡಿ.

ಹೋಗಲು ಮೇ ಕೊನೆ, ಜೂನ್, ಸೆಪ್ಟೆಂಬರ್ ಒಳ್ಳೆಯವು. ಜೂನ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೆ ಸೂರ್ಯ ಮುಳುಗುವುದು, ಬೆಳಗ್ಗೆ ಓಡಿ ಹೊರಡಬೇಕಾಗಿಲ್ಲ. ಚಳಿಗಾಲದಲ್ಲಿ ನದಿ ಉಕ್ಕಿ ತಗ್ಗಿನ ರಸ್ತೆಗಳ ಮೇಲೆ ನೀರು ಬರುವುದುಂಟು.

ನಕ್ಷೆ ನೋಡಿ ಸದ್ದಿಲ್ಲದ ರಸ್ತೆಯನ್ನು ಗುರುತಿಸುವುದು ಹೇಗೆ? ಅಲ್ಲಿನ ಸಂಚಾರ ನಿಯಮಗಳೇನು? – ಉಪ್ಪಳ

ಮಿಶೆಲಿನ್ ಕಾಗದದ ನಕ್ಷೆಯಲ್ಲಿ ಕೆಂಪು ರಸ್ತೆ ಹೆದ್ದಾರಿ, ಹಳದಿ ಮಧ್ಯಮ, ಬಿಳಿ ಹಳ್ಳಿ ರಸ್ತೆ. ಬಿಳಿಯದನ್ನೇ ಹಿಡಿಯಿರಿ, ಪಕ್ಕದಲ್ಲಿ ಹಸಿರು ಗೆರೆ ಎಳೆದಿದ್ದರೆ ಅದು ನೋಟ ಚೆಂದದ ರಸ್ತೆ. ನದಿಗೆ ಅಂಟಿಕೊಂಡ ಹಳದಿ ರಸ್ತೆ ಎದುರಾದಾಗ ಆಚೆ ದಂಡೆಯನ್ನು ನೋಡಿ, ಅಲ್ಲಿ ಸಾಮಾನ್ಯವಾಗಿ ಬಿಳಿ ರಸ್ತೆಯೊಂದು ಇರುತ್ತದೆ. ‘ಡಿ’ ಅಕ್ಷರದ ರಸ್ತೆ ಸಂಖ್ಯೆಯನ್ನು ಮಾತ್ರ ನಂಬಿ ಹೋಗಬೇಡಿ: ಈ ದಾರಿ ನಾಲ್ಕು ಜಿಲ್ಲೆಗಳನ್ನು ಹಾಯುತ್ತದೆ, ಗಡಿ ದಾಟಿದಲ್ಲಿ ಅದೇ ರಸ್ತೆಯ ಸಂಖ್ಯೆ ಬದಲಾಗುತ್ತದೆ. ಊರ ಹೆಸರು ಬರೆದುಕೊಂಡು ಹೋಗಿ.

ವಾಹನಗಳು ಬಲಬದಿಯಲ್ಲಿ ಓಡುತ್ತವೆ. ನಮ್ಮವರು ಎಡವುವುದು ನೇರ ರಸ್ತೆಯಲ್ಲಲ್ಲ, ಬೆಳಗ್ಗೆ ಖಾಲಿ ರಸ್ತೆಗೆ ಇಳಿಯುವಾಗ ಮತ್ತು ಎಡಕ್ಕೆ ತಿರುಗಿದ ಮೇಲೆ. ವೃತ್ತದಲ್ಲಿ ಅಪ್ರದಕ್ಷಿಣವಾಗಿ ಹೋಗಬೇಕು. ಇನ್ನೊಂದು ಮುಖ್ಯ ನಿಯಮ: ಫಲಕವಿಲ್ಲದ ಅಡ್ಡರಸ್ತೆಯಲ್ಲಿ ಬಲದಿಂದ ಬರುವ ವಾಹನಕ್ಕೆ ಮೊದಲ ಹಕ್ಕು. ಹಳ್ಳಿಯೊಳಗಿನ ಕಿರುದಾರಿಯಿಂದ ಟ್ರ್ಯಾಕ್ಟರ್ ನಿಲ್ಲದೆ ಹೊರಬಂದರೆ ತಪ್ಪು ಅವರದಲ್ಲ, ಬ್ರೇಕ್ ಹಿಡಿಯಬೇಕಾದವರು ನೀವು. ಗಂಟೆ, ಎರಡು ಬ್ರೇಕ್, ಪ್ರತಿಫಲಕಗಳು ಕಡ್ಡಾಯ. ಕತ್ತಲಲ್ಲೂ ಮಂಜಿನಲ್ಲೂ ಮುಂದೆ ಬಿಳಿ ಅಥವಾ ಹಳದಿ ದೀಪ, ಹಿಂದೆ ಕೆಂಪು ದೀಪ, ಊರ ಹೊರಗಾದರೆ ಹೊಳೆಯುವ ಜಾಕೆಟ್ ಸಹ. ಕಿವಿಗೆ ಇಯರ್‌ಫೋನ್ ಹಾಕಿ ಸವಾರಿ ಮಾಡುವಂತಿಲ್ಲ. ಹೆಲ್ಮೆಟ್ 12 ವರ್ಷದೊಳಗಿನವರಿಗೆ ಮಾತ್ರ ಕಡ್ಡಾಯ, ಆದರೆ ಎಲ್ಲರೂ ಹಾಕಿಕೊಳ್ಳಿ. ತುರ್ತು ಕರೆ 112.

ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹಳ್ಳಿಗಳಲ್ಲಿ ಊಟಕ್ಕೆ ಏನು ಮಾಡುವುದು? – ಮುಳ್ಳೇರಿಯ

ಕಷ್ಟವಿದೆ, ಆದರೆ ದಾರಿಯಿದೆ. ಹೋಟೆಲ್ ಅಡುಗೆಮನೆ ಮಧ್ಯಾಹ್ನ 12ರಿಂದ 2ರವರೆಗೆ ತೆರೆದಿದ್ದು ಮತ್ತೆ ಸಂಜೆ 7ಕ್ಕೇ. ಎರಡೂವರೆಗೆ ಹಸಿದು ಹೋದರೆ ಕಾಫಿ ಬಿಟ್ಟು ಬೇರೇನೂ ಸಿಗದು. ಅಂಗಡಿಗಳೂ ಮಧ್ಯಾಹ್ನ ಮುಚ್ಚುತ್ತವೆ. ಭಾನುವಾರ ಮಧ್ಯಾಹ್ನದ ನಂತರ ಮತ್ತು ಸೋಮವಾರ ಹಳ್ಳಿಗಳಲ್ಲಿ ಬೇಕರಿಯೂ ಇಲ್ಲದಿರಬಹುದು, ಹಾಗಾಗಿ ಶನಿವಾರವೇ ಎರಡು ದಿನದ ಸಾಮಾನು ಕೊಂಡಿಟ್ಟುಕೊಳ್ಳಿ. ಮೇ 1, ಮೇ 8, ಜುಲೈ 14, ಆಗಸ್ಟ್ 15 ಸರ್ಕಾರಿ ರಜೆ.

ಬಾಗೆತ್ ಬ್ರೆಡ್ಡಿಗೆ ಹಿಟ್ಟು, ನೀರು, ಉಪ್ಪು, ಯೀಸ್ಟ್ ಮಾತ್ರ, ಧೈರ್ಯವಾಗಿ ತಿನ್ನಿ. ಬ್ರಿಯೋಶ್ ಎಂಬ ಸಿಹಿ ಬ್ರೆಡ್ಡಿಗೆ ಮೊಟ್ಟೆ ಹಾಕುತ್ತಾರೆ. ‘ತರಕಾರಿ ಸಲಾಡ್’ ಎಂದು ಕಂಡದ್ದರಲ್ಲೂ ಲಾರ್ದೋಂ ಎಂಬ ಹಂದಿಮಾಂಸದ ತುಣುಕು ಇರಬಹುದು. ಕೇಳುವಾಗ ‘ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ, ಸಾಂಜ್ ಎಫ್’ ಎಂದು ಒಂದೊಂದನ್ನೂ ಹೇಳಿ: ಮಾಂಸ, ಮೀನು, ಲಾರ್ದೋಂ, ಮೊಟ್ಟೆ ಬೇಡ ಎಂದರ್ಥ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಆಮ್ಲೆಟ್ ಬರುವ ಸಾಧ್ಯತೆ ಹೆಚ್ಚು. ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುವುದು ಸಾಮಾನ್ಯ. ಅದು ನಿಮಗೆ ಆಗದಿದ್ದರೆ ಬೆಣ್ಣೆ, ಮೊಸರು, ಹಣ್ಣು, ಬೇಯಿಸಿದ ಕಾಳುಗಳ ಡಬ್ಬಿ ಸಾಕು.

ಒಯ್ಯುವ ಬಗ್ಗೆ: ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪ, ಪೇಡ, ಹಾಲಿನ ಪುಡಿ ಬೇಡ. ಹಸಿ ಕರಿಬೇವೂ ಬೇಡ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆಯೂ ತರಬಹುದಾದ ಪಟ್ಟಿಯಲ್ಲಿವೆ. ಎಣ್ಣೆಯಲ್ಲಿ ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ ಹಗುರ, ಉಪಯೋಗ ಜಾಸ್ತಿ. ಒಬ್ಬರಿಗೆ ಒಂದು ಹೊತ್ತಿಗೆ 80 ಗ್ರಾಂ ರವೆ ಲೆಕ್ಕ ಹಿಡಿಯಿರಿ. ಗ್ಯಾಸ್ ಕ್ಯಾನ್ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ತಿರುಪಿನ ಬಾಯಿಯ ಒಲೆಗೆ ತಿರುಪಿನ ಕ್ಯಾನೇ ಬೇಕು. ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಹೆಚ್ಚಾಗಿ ಸಿಗುವ ಚುಚ್ಚುವ ಇಲ್ಲವೇ ಒತ್ತಿ ತಿರುಗಿಸುವ ಬಗೆ ಅದಕ್ಕೆ ಕೂರುವುದಿಲ್ಲ.

ಸೈಕಲ್ ಇಲ್ಲಿಂದ ಒಯ್ಯುವುದೋ, ಅಲ್ಲಿ ಬಾಡಿಗೆಗೆ ಪಡೆಯುವುದೋ? ಒಯ್ಯುವುದಾದರೆ ಪ್ಯಾಕ್ ಮಾಡುವುದು ಹೇಗೆ? – ಹೊಸೂರು

ಮೊದಲು ಟೈರಿನ ಬದಿಯಲ್ಲಿ ಅಚ್ಚಾದ ಸಂಖ್ಯೆ ಓದಿ. 35-622 ಎಂಬಂತೆ ಕೊನೆಗೆ 622 ಇದ್ದರೆ ಯಾವ ಪಟ್ಟಣದಲ್ಲೂ ಟೈರ್ ಸಿಗುತ್ತದೆ. ನಮ್ಮ ದೊಡ್ಡ ಕಪ್ಪು ಸೈಕಲ್‌ಗಳ 635 ಅಲ್ಲಿನ ಅಂಗಡಿಗಳಲ್ಲಿ ಅಪರೂಪ. ಅಂಥ ಸೈಕಲ್ ಆದರೆ ಬಾಡಿಗೆಯೇ ಸರಿ. ಬ್ಯಾಟರಿ ಸೈಕಲ್ಲೂ ಅಲ್ಲೇ ಪಡೆಯಿರಿ, 160 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನಕ್ಕೆ ಹತ್ತಿಸುವುದಿಲ್ಲ.

ಒಯ್ಯುವುದಾದರೆ ಸೈಕಲ್ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ಕೇಳಿ ತನ್ನಿ. ಪೆಡಲ್ ಬಿಚ್ಚಲು 15 ಮಿ.ಮೀ. ಸ್ಪ್ಯಾನರ್, ಎಡ ಪೆಡಲಿನ ತಿರುಪು ಉಲ್ಟಾ, ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಬಲ ಹಾಕಿ ತಪ್ಪು ದಿಕ್ಕಿಗೆ ತಿರುಗಿಸಿದರೆ ಪೆಡಲ್ ಇನ್ನೂ ಬಿಗಿಯುತ್ತದೆ. ವಿಮಾನದಲ್ಲಿ ಹೆಚ್ಚು ಹಾಳಾಗುವುದು ಹಿಂದಿನ ಡಿರೇಲರ್ (ಗೇರ್ ಬದಲಿಸುವ ಸಾಧನ) ಕೂರುವ ಹ್ಯಾಂಗರ್, ಏಕೆಂದರೆ ಪೆಟ್ಟಿಗೆ ಮಗುಚಿದಾಗ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. 5 ಮಿ.ಮೀ. ಅಲೆನ್ ಕೀಯಿಂದ ಡಿರೇಲರನ್ನು ಬಿಚ್ಚಿ, ಬಟ್ಟೆ ಸುತ್ತಿ, ಚೌಕಟ್ಟಿನ ಒಳಭಾಗಕ್ಕೆ ಕಟ್ಟಿ. ನಿಮ್ಮ ಮಾದರಿಯದೇ ಒಂದು ಹ್ಯಾಂಗರ್ ಹೆಚ್ಚುವರಿಯಾಗಿ ಇರಲಿ, ಅದು ಎಲ್ಲ ಸೈಕಲ್‌ಗೂ ಒಂದೇ ಅಲ್ಲ. ಮುಂದಿನ ಚಕ್ರ ತೆಗೆದಲ್ಲಿ ಫೋರ್ಕ್ ತುದಿಗಳ ನಡುವೆ ಪ್ಲಾಸ್ಟಿಕ್ ಆನಿಕೆ ಸಿಕ್ಕಿಸಿ, ಅದನ್ನೂ ಅಂಗಡಿಯವರೇ ಕೊಡುತ್ತಾರೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡುಗಳ ಮಧ್ಯೆ ದಪ್ಪ ರಟ್ಟು ತೂರಿಸಿ. ಇಲ್ಲದಿದ್ದರೆ ದಾರಿಯಲ್ಲಿ ಲಿವರ್ ಅದುಮಿ ಪಿಸ್ಟನ್ ಹೊರಬಂದು, ಚಕ್ರವೇ ಒಳಗೆ ಹೋಗದು.

ವಿಮಾನ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಬಿಚ್ಚಿದ ಸೈಕಲ್ 130 × 90 ಸೆಂ.ಮೀ. ಚೀಲದೊಳಗೆ ಹಿಡಿಸಬೇಕು, ರಟ್ಟಿನ ದೊಡ್ಡ ಪೆಟ್ಟಿಗೆ ಹಿಡಿಸದು. ತೆಳು ನೈಲಾನ್ ಚೀಲವೊಂದನ್ನು ಮಡಚಿ ಒಯ್ಯಿರಿ. ಜೋಡಿಸಿದ ಸೈಕಲ್‌ಗೆ ಜಾಗವಿರುವ ಟಿಜಿವಿಗಳಲ್ಲಿ ಮೊದಲೇ ಕಾದಿರಿಸಬೇಕು, ಸ್ಥಳ ಕಡಿಮೆ. ಪ್ರಾದೇಶಿಕ ಟಿಇಆರ್ ರೈಲುಗಳಲ್ಲಿ ಸೈಕಲ್ ತೂಗುಹಾಕುವ ಜಾಗವಿದೆ.

ಟೈರ್ 32ರಿಂದ 40 ಮಿ.ಮೀ. ಅಗಲವಿರಲಿ. 35 ಮಿ.ಮೀ. ಟೈರಿಗೆ, ಸವಾರ 70 ಕಿಲೊ, ಸಾಮಾನು 12 ಕಿಲೊ ಆದರೆ ಮುಂದೆ 45, ಹಿಂದೆ 60 ಪಿಎಸ್‌ಐ ಗಾಳಿಯಿಂದ ಶುರು ಮಾಡಿ ನೋಡಿ. ಕ್ಯಾರಿಯರ್ ಬೋಲ್ಟುಗಳು ಅದುರಿ ಸಡಿಲವಾಗುತ್ತವೆ, ದಿನಾ ಬೆಳಗ್ಗೆ ಮುಟ್ಟಿ ನೋಡಿ.

ನಮ್ಮ ಊರು ಸಪಾಟು. ಅಭ್ಯಾಸ ಹೇಗೆ? – ಅಕ್ಕಲಕೋಟೆ

ಸಪಾಟು ಬಯಲಿನ ಎದುರುಗಾಳಿಯೇ ಒಳ್ಳೆಯ ಅಭ್ಯಾಸ. ಎಂಟು ವಾರ ಮೊದಲು ಶುರು ಮಾಡಿ. ಕೊನೆಯ ಮೂರು ವಾರ ಪೂರ್ತಿ ಸಾಮಾನು ಹೇರಿಕೊಂಡು, ಬೆನ್ನುಬೆನ್ನಿಗೆ ಎರಡು ದಿನ 50 ಕಿ.ಮೀ. ಓಡಿಸಿ. ಒಂದೇ ದಿನ ನೂರು ಓಡಿಸುವುದಕ್ಕಿಂತ ಇದು ಹೆಚ್ಚು ತಿಳಿಸುತ್ತದೆ, ಏಕೆಂದರೆ ಸೀಟಿನ ನೋವು ಮತ್ತು ಮಂಡಿ ನೋವು ಎರಡನೆಯ ದಿನವೇ ಕಾಣುವುದು. ಕಣಿವೆಯ ಅಂಚು ಹತ್ತುವಲ್ಲಿ ಚಿಕ್ಕ ಆದರೆ ಕಡಿದಾದ ಏರುಗಳಿವೆ. ಮುಂದಿನ ಚಿಕ್ಕ ಪಲ್ಲಚಕ್ರ 34 ಹಲ್ಲಿನದಾದರೆ ಹಿಂದಿನ ದೊಡ್ಡದೂ 34 ಇರಲಿ. ಇದೇ ಪ್ರಶ್ನೆ ಕೇಳಿದ ಕಾಸರಗೋಡಿನವರು ಹೆದ್ದಾರಿ ಬಿಟ್ಟು ಮುಳ್ಳೇರಿಯ–ಅಡೂರು ಕಡೆಯ ಏರಿಳಿತಗಳಲ್ಲಿ ಓಡಿಸಿದರೆ ಅಲ್ಲಿನ ಯಾವ ಏರೂ ಕಷ್ಟವಾಗದು.

ಟೆಂಟ್ ಒಯ್ಯಬೇಕೇ? ಕುಡಿಯುವ ನೀರು? – ತಾಳವಾಡಿ

ದಾರಿಯ ಹಲವು ಪಟ್ಟಣಗಳಲ್ಲಿ ಊರಾಡಳಿತವೇ ನಡೆಸುವ ಕ್ಯಾಂಪಿಂಗ್ ಜಾಗಗಳಿವೆ, ಬಿಸಿನೀರಿನ ಸ್ನಾನವಿದೆ. ಅನೇಕವು ಸೆಪ್ಟೆಂಬರ್ ಕೊನೆಗೆ ಮುಚ್ಚುತ್ತವೆ. ಟೆಂಟ್ ಬೇಡವಾದರೆ ‘ಆಕ್ಯೊಯ್ ವೆಲೊ’ ಫಲಕದ ವಸತಿ ಹುಡುಕಿ. ಅವು ದಾರಿಯಿಂದ 5 ಕಿ.ಮೀ. ಒಳಗಿರುತ್ತವೆ, ಸೈಕಲ್ ಇಡಲು ಬೀಗದ ಜಾಗವೂ ರಿಪೇರಿ ಸಲಕರಣೆಯೂ ಇರುತ್ತವೆ. ನಲ್ಲಿ ನೀರು ಕುಡಿಯಬಹುದು. ಹಳ್ಳಿಯ ಸ್ಮಶಾನಗಳ ನಲ್ಲಿಯಿಂದ ಸೈಕಲ್ ಸವಾರರು ತುಂಬಿಸಿಕೊಳ್ಳುವುದು ಅಲ್ಲಿ ರೂಢಿ. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ.

ವೀಸಾಕ್ಕೆ ಎಷ್ಟು ಮೊದಲು ಅರ್ಜಿ ಹಾಕಬೇಕು? – ಆದೋನಿ

ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳು ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು. ಬೇಸಿಗೆಯ ಪ್ರವಾಸವಾದರೆ ಮೂರು ತಿಂಗಳು ಮೊದಲೇ ಹಾಕಿ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. ಕೊಳ್ಳುವಾಗ ಸೈಕಲ್ ಸವಾರಿಯ ಅಪಘಾತವನ್ನು ಹೊರಗಿಟ್ಟಿದೆಯೇ ಎಂದು ಷರತ್ತು ಓದಿ. ಪ್ರತಿ ರಾತ್ರಿಯ ವಸತಿಯ ವಿವರ ಕೇಳುತ್ತಾರೆ, ಆದ್ದರಿಂದ ರದ್ದು ಮಾಡಬಹುದಾದ ಕೋಣೆಗಳನ್ನೇ ಕಾದಿರಿಸಿ.