ದೀಪ ಮುಟ್ಟದ ಹುಡುಗ

ಈ ಪ್ರಕರಣ ಬರೆಯಬೇಕೋ ಬೇಡವೋ ಎಂದು ಎರಡು ವರ್ಷ ಯೋಚಿಸಿದೆ. ಈಗ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ: ಈ ಹುಡುಗನಿಗೆ ನಾನು ಮೊದಲು ಕೊಟ್ಟ ಸಲಹೆ ತಪ್ಪಾಗಿತ್ತು. ಅದೇ ಸಲಹೆಯನ್ನು ಅವನಿಗಿಂತ ಮುಂಚೆ ಬಂದ ಎಷ್ಟೋ ಜನರಿಗೂ ಕೊಟ್ಟು ಕಳಿಸಿದ್ದೆ. ಅವರ್ಯಾರೂ ನನ್ನನ್ನು ತಿದ್ದಲಿಲ್ಲ. ಇವನು ತಿದ್ದಿದ.

ಕಷ್ಟ ಹೇಳಿಕೊಂಡು ಬರುವವರ ಮಾತು ಕೇಳಿ ಸಲಹೆ ಕೊಡುವುದು ನನ್ನ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ನಾನು ದೇವರನ್ನು ನಂಬುವವಳು. ಸಂಜೆ ಮನೆಯಲ್ಲಿ ದೀಪ ಹಚ್ಚದೆ ನನಗೆ ಊಟ ಸೇರುವುದಿಲ್ಲ. ಇದನ್ನು ತಿಳಿದುಕೊಂಡೇ ಮುಂದಿನದನ್ನು ಓದಿ.

ಹುಡುಗನಿಗೆ ಮೂವತ್ತರ ಒಳಗಿನ ವಯಸ್ಸು. ಮಲೆನಾಡಿನ ಅಡಿಕೆ ತೋಟದ ಮನೆ, ಕೂಡು ಕುಟುಂಬ. ಅಪ್ಪ ಇಲ್ಲ. ದೊಡ್ಡಪ್ಪನೇ ಯಜಮಾನ. ಇವನು ಪಟ್ಟಣದಲ್ಲಿ ಕೆಲಸ ಮಾಡಿಕೊಂಡು ವಾರಕ್ಕೊಮ್ಮೆ ಮನೆಗೆ ಹೋಗಿ ಬರುತ್ತಿದ್ದ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ದೊಡ್ಡಪ್ಪನ ಮಗಳ ಮದುವೆಗೆ ಎಂದು ಅಡಿಕೆ ಮಾರಿದ ಹಣ ಬೀರುವಿನಲ್ಲಿತ್ತು. ಅದರಲ್ಲಿ ಎರಡು ಲಕ್ಷ ಕಾಣೆಯಾಯಿತು. ಹೊರಗಿನವರು ಬಂದ ಕುರುಹು ಇಲ್ಲ. ಪೊಲೀಸರಿಗೆ ಹೇಳಿದರೆ ಮದುವೆ ಮನೆಯ ಮಾನ ಹೋಗುತ್ತದೆ. ಹಿರಿಯರು ತಮಗೆ ಗೊತ್ತಿದ್ದ ದಾರಿ ಹಿಡಿದರು. ಮನೆದೇವರ ಮುಂದೆ ಎಲ್ಲರೂ ದೀಪ ಮುಟ್ಟಿ ಆಣೆ ಮಾಡಬೇಕು. ಹನ್ನೊಂದು ಜನ ಮುಟ್ಟಿದರು. ಇವನು ಮುಟ್ಟಲಿಲ್ಲ.

ಅವನು ನಾಸ್ತಿಕ ಎಂಬುದು ಮನೆಗೆ ಹೊಸದೇನಲ್ಲ. ಕಾಲೇಜಿಗೆ ಹೋದಾಗಿನಿಂದ ಜನಿವಾರ ಇಲ್ಲ, ಪೂಜೆಗೆ ಕೂರುವುದಿಲ್ಲ. "ಅವನಿಗೆ ದೇವರು ದಿಂಡರು ಇಲ್ಲ" ಎಂದು ನಗುತ್ತಲೇ ಹೇಳುತ್ತಿದ್ದರು. ಅಲ್ಲಿಯವರೆಗೆ ಅದು ಬರೀ ತಮಾಷೆ. ಆ ಸಂಜೆಯಿಂದ ಮಾತಿನ ಅರ್ಥ ಬದಲಾಯಿತು. "ದೇವರ ಭಯ ಇಲ್ಲದವನಿಗೆ ಇನ್ಯಾವ ಭಯ?" ಹದಿನೈದು ದಿನದೊಳಗೆ ಇವನಿಗೆ ನೋಡಿದ್ದ ಹೆಣ್ಣಿನ ಕಡೆಯವರು "ಜಾತಕ ಕೂಡಿ ಬರಲಿಲ್ಲ" ಎಂದರು. ಜಾತಕವನ್ನು ಅವನು ಕೊಟ್ಟೇ ಇರಲಿಲ್ಲ.

ನಿದ್ದೆ ಬರುವುದಿಲ್ಲ ಎಂದು ನನ್ನ ಹತ್ತಿರ ಬಂದ. ಮೊದಲ ಎರಡು ಭೇಟಿ ಅದರಲ್ಲೇ ಕಳೆಯಿತು. ಮೂರನೆಯ ಭೇಟಿಯಲ್ಲಿ ನಾನು ನನ್ನ ಹಳೆಯ ಸಲಹೆ ತೆಗೆದೆ.

"ನೋಡು, ನೀನು ನಂಬೋದಿಲ್ಲ. ಸರಿ. ಹಾಗಾದರೆ ದೀಪ ಮುಟ್ಟೋದರಿಂದ ನಿನಗೇನು ನಷ್ಟ? ಸುಮ್ನೆ ಮುಟ್ಟಿಬಿಡು. ಮನೆಯವರಿಗೆ ಸಮಾಧಾನ, ನಿನಗೆ ನಿದ್ದೆ."

ಇದನ್ನು ನಾನು ಬಹಳ ಜಾಣ ಸಲಹೆ ಎಂದುಕೊಂಡಿದ್ದೆ. ಶ್ರಾದ್ಧಕ್ಕೆ ಕೂರಲು ಮನಸ್ಸಿಲ್ಲದವರಿಗೆ, ಅಂಗಡಿಯ ಆಯುಧಪೂಜೆಯಲ್ಲಿ ಕೈ ಮುಗಿಯಲು ಮುಜುಗರಪಡುವವರಿಗೆ, ಎಲ್ಲರಿಗೂ ಇದನ್ನೇ ಹೇಳಿದ್ದೆ. ನಿನಗೆ ಅದು ಏನೂ ಅಲ್ಲ ಅಂದಮೇಲೆ ಮಾಡೋದಕ್ಕೇನು?

ಅವನು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದ. ಆಮೇಲೆ ಹೇಳಿದ:

"ಮೇಡಂ, ದೀಪ ಮುಟ್ಟಿದ್ರೆ ನಂಗೇನೂ ಆಗಲ್ಲ ಅಂತ ಗೊತ್ತು. ಅದಕ್ಕೇ ಮುಟ್ಟಬಾರದು. ಅವರ ಪಾಲಿಗೆ ಅಲ್ಲಿ ದೇವರಿದ್ದಾನೆ. ನನ್ನ ಪಾಲಿಗೆ ಎಣ್ಣೆ, ಬತ್ತಿ. ದುಡ್ಡು ನಾನು ತೆಗೆದಿದ್ರೂ ಆರಾಮಾಗಿ ಮುಟ್ಟಬಹುದು, ತೆಗೀದೇ ಇದ್ರೂ ಮುಟ್ಟಬಹುದು. ಹಂಗಿರೋವಾಗ ಮುಟ್ಟಿ, 'ನೋಡಿ, ಆಣೆ ಮಾಡಿದೀನಿ, ನಂಬಿ' ಅನ್ನೋದು ಮೋಸ ಅಲ್ವಾ? ಖೋಟಾ ನೋಟು ಕೊಟ್ಟ ಹಾಗೆ."

ನನಗೆ ಮಾತೇ ಹೊರಡಲಿಲ್ಲ. ಹನ್ನೆರಡು ಜನರಲ್ಲಿ ಸುಳ್ಳು ಆಣೆ ಮಾಡಲು ಹೆದರದವನು ಇವನೊಬ್ಬನೇ. ಆಣೆ ಮಾಡಲು ಒಪ್ಪದವನೂ ಇವನೊಬ್ಬನೇ. ಆ ಮನೆಯಲ್ಲಿ ದೀಪದ ಮಾತನ್ನು ಇವನಷ್ಟು ಗಂಭೀರವಾಗಿ ತೆಗೆದುಕೊಂಡವರು ಇನ್ಯಾರಿದ್ದರು? ದಿನವೂ ದೀಪ ಹಚ್ಚುವ ನಾನೇ "ಸುಮ್ನೆ ಮುಟ್ಟಿಬಿಡು" ಎಂದಿದ್ದೆ.

ಇನ್ನೊಂದನ್ನೂ ಹೇಳಲೇಬೇಕು, ನಾಚಿಕೆಯಾದರೂ. ಅವನು "ಮುಟ್ಟಿಲ್ಲ" ಎಂದು ಮೊದಲ ಸಲ ಹೇಳಿದಾಗ ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಯೋಚನೆ ಬಂದು ಹೋಗಿತ್ತು. ಇವನೇ ತೆಗೆದಿರಬಹುದಾ? ಯಾವ ಆಧಾರವೂ ಇರಲಿಲ್ಲ. ಆಣೆಗೆ ಹಿಂಜರಿದ ಎಂಬುದೊಂದೇ. 2017ರಲ್ಲಿ ಭಾರತವೂ ಸೇರಿ 13 ದೇಶಗಳಲ್ಲಿ, ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡು ನಡೆಸಿದ ಒಂದು ಅಧ್ಯಯನ ಪ್ರಕಟವಾಯಿತು. ಒಬ್ಬ ಕ್ರೂರಿಯ ವಿವರ ಕೊಟ್ಟು, ಅವನು ಆಸ್ತಿಕನೋ ನಾಸ್ತಿಕನೋ ಎಂಬ ಕಡೆಗೆ ಜನರ ಮನಸ್ಸು ಹೇಗೆ ವಾಲುತ್ತದೆ ಎಂದು ನೋಡಿದ್ದರು. ಹೆಚ್ಚಿನ ಕಡೆ ನಾಸ್ತಿಕ ಎಂಬ ಕಡೆಗೇ ವಾಲಿತು. ವಿಚಿತ್ರ ಎಂದರೆ ದೇವರನ್ನು ನಂಬದವರಲ್ಲೂ ಈ ವಾಲು ಕಂಡಿತು. ಅದನ್ನು ಓದಿದಾಗ ಬೇರೆಯವರ ವಿಷಯ ಎಂದುಕೊಂಡಿದ್ದೆ. ಈ ಹುಡುಗ ಎದುರು ಕೂತಾಗ ಅದು ನನ್ನದೇ ವಿಷಯವಾಯಿತು.

ನಮ್ಮಲ್ಲಿ ಆಣೆಗೆ ಇರುವ ಬೆಲೆಯೇ ಬೇರೆ. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಮತ್ತು ಒಬ್ಬ ಮಾಜಿ ಮುಖ್ಯಮಂತ್ರಿ ಆಣೆಯ ಸವಾಲು ಹಾಕಿಕೊಂಡು ಧರ್ಮಸ್ಥಳಕ್ಕೆ ಹೋದದ್ದು ನೆನಪಿದೆಯಾ? ರಾಜ್ಯಕ್ಕೆ ರಾಜ್ಯವೇ ಟಿವಿ ಮುಂದೆ ಕೂತಿತ್ತು. ಕೊನೆಗೆ ಇಬ್ಬರೂ ಆಣೆ ಮಾಡದೆ ದರ್ಶನ ಮಾಡಿ ಬಂದರು. ಅವರನ್ನು ಯಾರೂ ನಾಸ್ತಿಕರು ಎನ್ನಲಿಲ್ಲ. ದೇವರ ಮೇಲಿನ ಭಯಭಕ್ತಿ ಎಂದರು. ಅದೇ ಹಿಂಜರಿಕೆ ಈ ಹುಡುಗನದ್ದಾದರೆ ಕಳ್ಳತನ.

ನಂಬದವನಿಗೆ ಆಣೆ ಎನ್ನುವುದು ಎರಡು ಕಡೆಯಿಂದಲೂ ಬಿಗಿಯುವ ಕುಣಿಕೆ. ಚಾರ್ಲ್ಸ್ ಬ್ರಾಡ್ಲಾ ಎಂಬ ಇಂಗ್ಲೆಂಡಿನ ನಾಸ್ತಿಕ 1880ರಲ್ಲಿ ಸಂಸತ್ತಿಗೆ ಆರಿಸಿ ಬಂದ. ದೇವರ ಹೆಸರಿನ ಪ್ರಮಾಣ ಬೇಡ, ಬರೀ ಸತ್ಯದ ಮೇಲೆ ದೃಢೀಕರಿಸುತ್ತೇನೆ ಎಂದ. ಸದನ ಆಗದು ಎಂದಿತು. ಸರಿ, ನಿಮ್ಮ ಪ್ರಮಾಣವನ್ನೇ ತಗೊಳ್ತೀನಿ ಎಂದ. ನಿನಗೆ ನಂಬಿಕೆ ಇಲ್ಲವಲ್ಲ, ನೀನು ತಗೊಂಡರೆ ಅದಕ್ಕೆ ಬೆಲೆ ಇಲ್ಲ ಎಂದರು. ಮತ್ತೆ ಮತ್ತೆ ಆರಿಸಿ ಬಂದರೂ ತಕರಾರಿಲ್ಲದೆ ಕೂರಲು 1886 ಆಯಿತು. ನಂಬದವರೂ ದೃಢೀಕರಿಸಬಹುದು ಎಂಬ ಕಾನೂನನ್ನು 1888ರಲ್ಲಿ ಅವನೇ ತಂದ. ಭಾರತದ ಪರವಾಗಿ ಅಲ್ಲಿ ಬಹಳ ಮಾತಾಡಿದ ಮನುಷ್ಯ. ಅವನು ಸತ್ತಾಗ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿ ಅಂತ್ಯಸಂಸ್ಕಾರಕ್ಕೆ ಹೋಗಿದ್ದರು.

ನಮ್ಮ ದೇಶಕ್ಕೆ ಈ ತೊಡಕು ಬರಲಿಲ್ಲ, ಕಾಗದದ ಮೇಲಂತೂ ಇಲ್ಲ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಮಂತ್ರಿಗೂ ನ್ಯಾಯಮೂರ್ತಿಗೂ ಎರಡು ದಾರಿ ಇಟ್ಟಿದ್ದಾರೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. 1969ರ ಕಾಯ್ದೆಯಂತೆ ಕೋರ್ಟಿನ ಸಾಕ್ಷಿಗೂ ಹಾಗೆಯೇ. ಸುಳ್ಳು ಹೇಳಿದರೆ ಶಿಕ್ಷೆ ಇಬ್ಬರಿಗೂ ಒಂದೇ. ಕೋರ್ಟು ಒಪ್ಪುವುದನ್ನು ಮನೆಯ ಜಗಲಿ ಒಪ್ಪುವುದಿಲ್ಲ.

ಮತ್ತೆ ಆ ಮೂರನೆಯ ಭೇಟಿಗೆ ಬರುತ್ತೇನೆ. ಅವನು ಇನ್ನೂ ಮಾತಾಡುತ್ತಲೇ ಇದ್ದ. ದೊಡ್ಡಪ್ಪನಿಗೆ ಏನೇನು ಹೇಳಿದೆ, ಆಣೆ ಯಾಕೆ ಅರ್ಥವಿಲ್ಲದ್ದು, ದೇವರಿದ್ದರೆ ಕಳ್ಳನನ್ನು ಅವನೇ ತೋರಿಸಲಿ ಎಂದು ಹೇಗೆ ವಾದ ಮಾಡಿದೆ, ಎಲ್ಲ. ಕೇಳುತ್ತ ಕೇಳುತ್ತ ನನಗೆ ಏನೋ ಒಂದು ಕಾಣೆಯಾಗಿದೆ ಅನ್ನಿಸಿತು.

"ದುಡ್ಡು ನಾನು ತೆಗೆದಿಲ್ಲ ಅಂತ ಅವರಿಗೆ ಹೇಳಿದ್ದೀಯಾ?"

ಅವನು ಗಕ್ಕನೆ ನಿಂತ.

"ಅವರು ಅದನ್ನ ಕೇಳಲೇ ಇಲ್ಲ ಮೇಡಂ. ದೀಪ ಮುಟ್ಟು ಅಂದರು."

"ನೀನಾಗಿ?"

"ಇಲ್ಲ. ಯಾಕೆ ಹೇಳಬೇಕು? ಇಪ್ಪತ್ತೆಂಟು ವರ್ಷ ನೋಡಿಲ್ವಾ ನನ್ನ?"

ಮೂರು ವಾರ ಆ ಮನೆಯಲ್ಲಿ ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ ನಡೆದಿತ್ತು. ಹಣದ ಮಾತು ಒಂದು ಸಲವೂ ಬಂದಿರಲಿಲ್ಲ. ಅವಮಾನ ಇವನ ಬಾಯಿ ಕಟ್ಟಿತ್ತು. ಅವರ ಕಿವಿಗೆ ಬಿದ್ದದ್ದು ಮಾತ್ರ ಬೇರೆ. "ಇಷ್ಟೆಲ್ಲ ವಾದ ಮಾಡ್ತಾನೆ, ತೆಗೆದಿಲ್ಲ ಅನ್ನೋ ಒಂದು ಮಾತು ಬರಲಿಲ್ಲ ನೋಡು."

ಆಗ ನಾನು ಕೊಟ್ಟ ಸಲಹೆ ಇದು. ದೀಪ ಮುಟ್ಟಬೇಡ, ಯಾರು ಹೇಳಿದರೂ, ಅಮ್ಮ ಅತ್ತರೂ ಬೇಡ. ಮುಟ್ಟಿದರೆ ಅವರಿಗೆ ನೀನು ಮಾಡುವ ಮೊದಲ ಮೋಸ ಅದೇ ಆಗುತ್ತದೆ, ಅದನ್ನು ನೀನೇ ಹೇಳಿದ್ದೀಯ. ಆದರೆ ದೊಡ್ಡಪ್ಪ ಒಬ್ಬರೇ ಇರುವಾಗ ಹೋಗು. ಕಣ್ಣು ನೋಡಿ ಹೇಳು, "ದುಡ್ಡು ನಾನು ತೆಗೆದಿಲ್ಲ, ದೊಡ್ಡಪ್ಪ. ನಂಬಿಕೆ ಇಲ್ಲದೆ ದೀಪ ಮುಟ್ಟಿದರೆ ನಿಮಗೆ ಸುಳ್ಳು ಹೇಳಿದ ಹಾಗೆ, ಅದಕ್ಕೇ ಮುಟ್ಟಲಿಲ್ಲ." ಅಷ್ಟೇ. ದೇವರಿಲ್ಲ ಎಂಬ ಮಾತು ಅಲ್ಲಿ ಬೇಡ, ಅದಕ್ಕೆ ಬೇರೆ ದಿನ ಇದೆ. ಎರಡನೇ ಸಲವೂ ಹೇಳಬೇಡ, ಬೇಡಿದ ಹಾಗಾಗುತ್ತದೆ. ಬ್ಯಾಂಕ್ ಪಾಸ್‌ಬುಕ್ ತೋರಿಸುತ್ತೇನೆ ಎಂದೂ ಹೊರಡಬೇಡ. ಉಳಿದ ಹನ್ನೊಂದು ಜನ ತೋರಿಸಿಲ್ಲ. ಮದುವೆಗೆ ಹೋಗು, ಚಪ್ಪರ ಹಾಕು, ಪಂಕ್ತಿಯಲ್ಲಿ ಬಡಿಸು. ದೂರ ಉಳಿದರೆ ಅಪವಾದಕ್ಕೆ ನೀನೇ ರುಜು ಹಾಕಿದ ಹಾಗೆ.

ಇದಕ್ಕೆ ಎರಡೂ ಕಡೆಯಿಂದ ಬೈಗುಳ ತಿಂದಿದ್ದೇನೆ. ವಿಚಾರವಾದಿ ಗೆಳೆಯರೊಬ್ಬರು "ಅವನಿಗೆ ಬಾಯಿ ಮುಚ್ಚಿಕೋ ಅಂದೆಯಲ್ಲ" ಎಂದರು. ಬಾಯಿ ಮುಚ್ಚು ಎನ್ನಲಿಲ್ಲ, ಅವನು ಹೇಳದೆ ಬಿಟ್ಟಿದ್ದ ಮಾತನ್ನು ಹೇಳು ಎಂದೆ. ನನ್ನದೇ ನೆಂಟರೊಬ್ಬರು "ದೀಪ ಮುಟ್ಟಬೇಡ ಅಂತ ನೀನೇ ಹೇಳಿದ್ಯಾ?" ಎಂದು ಹುಬ್ಬೇರಿಸಿದರು. ಹೌದು, ಹೇಳಿದೆ. ದೀಪಕ್ಕೆ ನಾನು ಕೊಡುವ ಮರ್ಯಾದೆಯೂ ಅದೇ. ಹೆದರಿಸಿ ಮುಟ್ಟಿಸಿದ ದೀಪದಲ್ಲಿ ಯಾವ ದೇವರಿರುತ್ತಾನೆ?

ಎಲ್ಲರಿಗೂ ಇದನ್ನೇ ಹೇಳುತ್ತೇನೆ ಎಂದು ಮಾತ್ರ ತಿಳಿಯಬೇಡಿ. ನಂಬಿಕೆ ಬಿಟ್ಟ ಒಬ್ಬ ಮುಸ್ಲಿಂ ಹುಡುಗಿ ಬಂದಿದ್ದಳು. ಅವಳಿಗೆ "ಸದ್ಯಕ್ಕೆ ಮನೆಯಲ್ಲಿ ಹೇಳಬೇಡ. ಮೊದಲು ಓದು ಮುಗಿಸು, ಕೆಲಸ ಹಿಡಿ" ಎಂದೆ. 2017ರ ಮಾರ್ಚ್‌ನಲ್ಲಿ ಕೊಯಮತ್ತೂರಿನಲ್ಲಿ ದೇವರಿಲ್ಲ ಎನ್ನುತ್ತಿದ್ದ ಯುವಕನೊಬ್ಬನನ್ನು ಕೊಂದದ್ದು ನನ್ನ ತಲೆಯಲ್ಲಿತ್ತು. 2013ರಲ್ಲಿ ಪುಣೆಯಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡುತ್ತಿದ್ದ ದಾಭೋಲ್ಕರ್ ಅವರನ್ನು, 2015ರಲ್ಲಿ ಧಾರವಾಡದ ಮನೆ ಬಾಗಿಲಲ್ಲೇ ಸಂಶೋಧಕ ಕಲಬುರ್ಗಿ ಅವರನ್ನು ಕೊಂದದ್ದೂ ಇತ್ತು. ಸತ್ಯ ಹೇಳು ಎಂದು ಸಲಹೆ ಕೊಡುವವಳು ನಾನು. ಏಟು ತಿನ್ನುವವಳು ಅವಳು. ಊಟ, ಸೂರು, ಜೀವ, ಇವು ಯಾರ ಕೈಯಲ್ಲಿವೆ ಎಂದು ನೋಡದೆ ಧೈರ್ಯದ ಪಾಠ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಈ ಹುಡುಗನಿಗೆ ಸಂಬಳ ಇತ್ತು, ಪಟ್ಟಣದಲ್ಲಿ ಬಾಡಿಗೆ ಕೋಣೆ ಇತ್ತು.

ಒಂದು ಸಲ ಈ ಹುಡುಗನ ಅಮ್ಮನನ್ನೂ ಕರೆಸಿದ್ದೆ. ತುಂಬ ಮೆತ್ತಗಿನ ಹೆಂಗಸು. "ಒಳ್ಳೆಯವನೇ ಮೇಡಂ. ಆದ್ರೆ ದೇವರನ್ನೇ ಬಿಟ್ಟವನು ನಾಳೆ ನನ್ನ ಬಿಡಲ್ಲ ಅಂತ ಏನು ಗ್ಯಾರಂಟಿ?" ಎಂದರು. ಹಣಕ್ಕಿಂತ ಆ ಹೆದರಿಕೆ ದೊಡ್ಡದು. ನಾನು ಎಚ್. ನರಸಿಂಹಯ್ಯನವರ ಕಥೆ ಹೇಳಿದೆ. ದೇವರನ್ನು ನಂಬದವರು, ಖಾದಿ ತೊಟ್ಟವರು, 1942ರ ಚಳವಳಿಯಲ್ಲಿ ಜೈಲಿಗೆ ಹೋದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಕಳೆದವರು. ಊರವರ ಮಕ್ಕಳನ್ನೆಲ್ಲ ನಂಬಿ ಅವರ ಕೈಗೆ ಒಪ್ಪಿಸಿದ್ದರಲ್ಲ ಅಮ್ಮ, ಎಂದೆ.

ಅವರು ಎಲ್ಲ ಶ್ರದ್ಧೆಯಿಂದ ಕೇಳಿದರು. ಆಮೇಲೆ ಕೇಳಿದರು, "ಅವರಿಗೆ ಮದುವೆ ಆಗಿತ್ತಾ?"

ಆಗಿರಲಿಲ್ಲ. ನನ್ನ ಉದಾಹರಣೆ ಅಲ್ಲಿಗೆ ಮುಗಿಯಿತು.

ಹುಡುಗ ದೊಡ್ಡಪ್ಪನಿಗೆ ಹೇಳಿದ. ತೋಟದಲ್ಲಿ, ಬೆಳಿಗ್ಗೆ. ಅವರು "ಹೂಂ" ಎಂದು ಕೊಕ್ಕೆ ಹಿಡಿದು ಮುಂದೆ ಹೋದರಂತೆ. ಮದುವೆ ಚೆನ್ನಾಗಿ ನಡೆಯಿತು. ಹಣ ಇವತ್ತಿಗೂ ಸಿಕ್ಕಿಲ್ಲ. ಬೀರುವಿಗೆ ಹೊಸ ಬೀಗ ಬಂದಿದೆ. ಇವನಿಗೆ ನಿದ್ದೆ ಬರುತ್ತಿದೆ, ಪೂರ್ತಿ ಅಲ್ಲ. ಹಣ ಯಾರು ತೆಗೆದರು ಎಂದು ನಾನು ಅವನನ್ನು ಕೇಳಲಿಲ್ಲ. ಅದು ನನ್ನ ಕೆಲಸವಲ್ಲ.

ಕೆಲವು ತಿಂಗಳ ನಂತರ ಅಮ್ಮ ಫೋನ್ ಮಾಡಿದರು.

"ಮೇಡಂ, ನೀವು ಮನೇಲಿ ದೀಪ ಹಚ್ತೀರಾ?"

"ಹಚ್ತೀನಿ."

"ಹಂಗಾದ್ರೆ ನೀವು ಹೇಳಿ. ಅವನು ತೆಗೆದಿಲ್ಲ ಅಂತ ನೀವು ಹೇಳಿದ್ರೆ ನಾನು ನಂಬ್ತೀನಿ."

"ನಾನು ಹೇಗೆ ಹೇಳಲಮ್ಮ? ಅವನನ್ನೇ ಕೇಳಿ."

"ಕೇಳಿದೆ. ತೆಗೆದಿಲ್ಲ ಅಂದ."

"ಮತ್ತೆ?"

ಆ ಕಡೆಯಿಂದ ಮಾತಿಲ್ಲ. ಕುಕ್ಕರ್ ಒಂದು ಸೀಟಿ ಹೊಡೆಯಿತು. "ಆಮೇಲೆ ಮಾಡ್ತೀನಿ ಮೇಡಂ" ಎಂದು ಫೋನ್ ಇಟ್ಟರು.