ಸ್ವಂತ ಕಾಂಪೌಂಡಿನ ಮರಕ್ಕೂ ಅನುಮತಿ ಬೇಕು

ಬೆಂಗಳೂರಿನ 40×60 ಸೈಟಿನಲ್ಲಿ ಹಳೇ ನೇರಳೆ ಮರ ತೆಗೆದು ಪೇವರ್ (ನೆಲಕ್ಕೆ ಹಾಸುವ ಸಿಮೆಂಟ್ ಬ್ಲಾಕ್) ಹಾಕಿಸಬೇಕು, ನಮ್ಮದೇ ಜಾಗ ತಾನೇ ಎಂದು ಕೇಳಿದ್ದೀರಿ. ಜಾಗ ನಿಮ್ಮದೇ ಆದರೂ ಮರ ಕಡಿಯಲು ಅನುಮತಿ ಬೇಕೇ ಬೇಕು, ಬೇಡ ಎಂದು ಕಂಟ್ರಾಕ್ಟರ್ ಹೇಳಿದರೆ ನಂಬಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿಯಿದೆ. ನೇರಳೆ ಆ ಪಟ್ಟಿಯಲ್ಲಿಲ್ಲ. ಬುಡ ಸುಡುವುದು, ಘಾಸಿ ಮಾಡುವುದು ಕೂಡ 'ಕಡಿದಂತೆ'ಯೇ. ಪಾಲಿಕೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಡಿ: ಖಾತೆ ಪ್ರತಿ, ಗುರುತಿನ ಚೀಟಿ, ಮರದ ಫೋಟೋ, ಕಾರಣ. ಸ್ಥಳ ಪರಿಶೀಲನೆ ಆಗುತ್ತದೆ. ಪೇವರ್ ಹಾಕಬೇಕೆಂಬುದು ದುರ್ಬಲ ಕಾರಣ. ಕಾಂಡ ಟೊಳ್ಳಾಗಿದ್ದರೆ, ಗೋಡೆ ಬಿರುಕು ಬಿಟ್ಟಿದ್ದರೆ ಅದರ ಫೋಟೋ ಹಚ್ಚಿ.

ನನ್ನ ಸಲಹೆ, ಮರ ಉಳಿಸಿಕೊಳ್ಳಿ. ಕಾಂಡದ ಸುತ್ತ ಕನಿಷ್ಠ 1 ಮೀಟರ್ ಮಣ್ಣು ತೆರೆದೇ ಇರಲಿ. ಪೇವರ್ ಹಾಸಲು ಅಗೆಯುವಾಗ ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಕತ್ತರಿಸದೆ, ಅಲ್ಲಿ ಜಲ್ಲಿಯ ಮಟ್ಟ ಏರಿಸಿ. ಒಂದು ಬದಿಯ ಬೇರು ಹೋದ ಮರವೇ ಮೇ ತಿಂಗಳ ಗಾಳಿಮಳೆಗೆ ಉರುಳುವುದು.

ಇನ್ನು ಮಳೆನೀರು. ಅದನ್ನು ಹಿಡಿದಿಡಲು ಅಥವಾ ಇಂಗಿಸಲು ಜಲಮಂಡಳಿಯ ಲೆಕ್ಕ ಚಾವಣಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಪೇವರ್ ಹಾಸಿದ ಜಾಗಕ್ಕೆ 30 ಲೀಟರ್. 60 ಚದರ ಮೀಟರ್ ಪೇವರ್ ಹಾಸಿದರೆ ಅದಕ್ಕೇ 1,800 ಲೀಟರ್ ಆಯಿತು. 3 ಅಡಿ ಅಗಲ, 20 ಅಡಿ ಆಳದ ರಿಂಗ್ ಬಾವಿ (ಸಿಮೆಂಟ್ ಬಳೆಗಳನ್ನು ಇಳಿಸಿ ಮಾಡುವ ಇಂಗುಬಾವಿ) ಸುಮಾರು 4,000 ಲೀಟರ್ ಹಿಡಿಯುತ್ತದೆ. ಬಾವಿ ಮೊದಲು ತೋಡಿಸಿ, ಪೇವರ್ ಆಮೇಲೆ. ಬಾವಿಗೆ ಮುಂಚೆ ಹೂಳು ತಡೆಯುವ ಚಿಕ್ಕ ತೊಟ್ಟಿ ಕಟ್ಟಿಸದಿದ್ದರೆ ಕೆಮ್ಮಣ್ಣು ತಳಕ್ಕೆ ಕೂತು ನೀರು ಇಂಗುವುದೇ ನಿಲ್ಲುತ್ತದೆ.