ಕಡಿಮೆ ಊಟದ ಫಲ ಮಾತ್ರೆಯಿಂದ ಸಿಗುತ್ತದಾ?

ನಿಮಗೆ 41 ವರ್ಷ, ಶುಗರ್ ಇಲ್ಲ, ತೂಕವೂ ಸರಿಯಾಗಿದೆ. ಆಯಸ್ಸು ಹೆಚ್ಚಲಿ ಅಂತ ರಾತ್ರಿ ಊಟ ಬಿಟ್ಟಿದ್ದೀರಿ. ಅದರ ಬದಲು ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಅಥವಾ ಕಿಡ್ನಿ ಕಸಿಯಾದವರಿಗೆ ಕೊಡುವ ರಾಪಮೈಸಿನ್ ತಗೊಂಡರೆ ಸಾಕಾ ಅಂತ ಕೇಳಿದ್ದೀರಿ. ನನ್ನ ಉತ್ತರ: ಬೇಡ. ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವನು. ಯಾಕೆ ಬೇಡ ಅಂತೀನಿ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕೇ ಅನ್ನುವವರು ಇಲಿಗಳಿಗೆ ಊಟ ಕಡಿಮೆ ಮಾಡಿ, ವಿಟಮಿನ್ ಮಾತ್ರ ಕಡಿಮೆಯಾಗದಂತೆ ನೋಡಿಕೊಂಡರು. ಆ ಇಲಿಗಳು ಜಾಸ್ತಿ ದಿನ ಬದುಕಿದವು. ಆಮೇಲೆ ಯೀಸ್ಟ್, ಹುಳ, ನೊಣಗಳಲ್ಲೂ ಇಂಥದ್ದೇ ಕಂಡಿತು. ಹಾಗಾದರೆ ನಮಗೂ ಆಗುತ್ತದೆ ಅಂತ ಅನ್ನಿಸುವುದು ಸಹಜ, ಅಲ್ವಾ?

ಇಲ್ಲಿ ಕೋತಿಗಳ ಕಥೆ ಕೇಳಬೇಕು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಎರಡು ಕಡೆ ರೀಸಸ್ ಕೋತಿಗಳ ಮೇಲೆ ಪ್ರಯೋಗ ಶುರುವಾಯಿತು. ಒಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ಸರ್ಕಾರದ ವೃದ್ಧಾಪ್ಯ ಸಂಶೋಧನಾ ಸಂಸ್ಥೆಯಲ್ಲಿ. ವಿಸ್ಕಾನ್ಸಿನ್‌ನವರು 2009ರಲ್ಲಿ, ಕಡಿಮೆ ತಿಂದ ಕೋತಿಗಳಲ್ಲಿ ವಯಸ್ಸಿನ ಕಾಯಿಲೆಗಳಿಂದ ಸಾವು ಕಡಿಮೆ ಅಂದರು. 2012ರಲ್ಲಿ ಇನ್ನೊಂದು ತಂಡ, ನಮ್ಮಲ್ಲಿ ಆಯಸ್ಸಿನಲ್ಲಿ ವ್ಯತ್ಯಾಸವೇ ಇಲ್ಲ ಅಂದಿತು. ಎಷ್ಟೋ ವರ್ಷದ ದುಡಿಮೆ, ಉತ್ತರ ನೋಡಿದರೆ ಒಂದಕ್ಕೊಂದು ವಿರುದ್ಧ!

ಗುಟ್ಟು ಇದ್ದದ್ದು ತಟ್ಟೆಯಲ್ಲಿ. ವಿಸ್ಕಾನ್ಸಿನ್ ಕೋತಿಗಳ ಆಹಾರದಲ್ಲಿ ಸಕ್ಕರೆಯೇ ಸುಮಾರು 28%. ಇನ್ನೊಂದು ಕಡೆ 4% ಕೂಡ ಇರಲಿಲ್ಲ. ವಿಸ್ಕಾನ್ಸಿನ್‌ನಲ್ಲಿ ಹೋಲಿಕೆಗೆ ಇಟ್ಟ ಕೋತಿಗಳು ಹೊಟ್ಟೆ ತುಂಬ ತಿಂದು ದಪ್ಪಗಾದವು. ಸರ್ಕಾರಿ ಸಂಸ್ಥೆಯಲ್ಲಿ ಹೋಲಿಕೆಯ ಕೋತಿಗಳಿಗೂ ಅಳತೆ ಮಾಡಿಯೇ ಕೊಡುತ್ತಿದ್ದರು. 2017ರಲ್ಲಿ ಎರಡೂ ತಂಡ ಸೇರಿ ಒಂದು ವರದಿ ಬರೆದವು: ಲಾಭ ಇದೆ, ಆದರೆ ಯಾವ ವಯಸ್ಸಿಗೆ ಶುರು ಮಾಡಿದಿರಿ, ಏನು ತಿನ್ನುತ್ತಿದ್ದಿರಿ ಅನ್ನುವುದರ ಮೇಲೆ ಅದು ನಿಂತಿದೆ. ನನಗೆ ಇದರಲ್ಲಿ ಕಾಣುವುದು ಇಷ್ಟು. ‘ಕಡಿಮೆ ತಿನ್ನಿ’ ಅಂದರೆ ಯಾರಿಗಿಂತ ಕಡಿಮೆ ಅಂತ ಮೊದಲು ಕೇಳಬೇಕು. ದಿನಾ ಬೇಕರಿ ತಿಂಡಿ ತಿಂದು ಹೊಟ್ಟೆ ಬಂದವರಿಗೆ ಆಗುವ ಲಾಭ ನಿಮಗೆ ಅಷ್ಟೇ ಆಗಬೇಕು ಅಂತಿಲ್ಲ.

ಮನುಷ್ಯರ ಮೇಲೂ ಕ್ಯಾಲರಿ ಅನ್ನುವ ಹೆಸರಿನಲ್ಲೇ ಒಂದು ಪ್ರಯೋಗ ನಡೆದಿದೆ. ಬೊಜ್ಜಿಲ್ಲದ ಸುಮಾರು 220 ಜನ, ಎರಡು ವರ್ಷ. 25% ಕಡಿಮೆ ತಿನ್ನಬೇಕು ಅನ್ನುವುದು ಗುರಿ, ಆದದ್ದು ಸರಾಸರಿ 12%. ಬಿಪಿ, ಕೊಲೆಸ್ಟ್ರಾಲ್ ಸುಧಾರಿಸಿದವು. ಆದರೆ ಮೂಳೆಯ ಸಾಂದ್ರತೆಯೂ ಸ್ವಲ್ಪ ಇಳಿಯಿತು, ಕೊಬ್ಬಿನ ಜೊತೆ ಮಾಂಸಖಂಡವೂ ಹೋಯಿತು. ಎರಡು ವರ್ಷದಲ್ಲಿ ಆಯಸ್ಸಿನ ಬಗ್ಗೆ ಯಾರಿಗೂ ಏನೂ ಹೇಳಲು ಆಗುವುದಿಲ್ಲ. 2024ರಲ್ಲಿ ಸುಮಾರು 960 ಹೆಣ್ಣು ಇಲಿಗಳ ಮೇಲಿನ ದೊಡ್ಡ ಅಧ್ಯಯನ ಇನ್ನೊಂದು ಮಜಾ ತೋರಿಸಿತು. ಊಟ ಕಡಿಮೆಯಾದರೂ ತೂಕ ಬಿಟ್ಟುಕೊಡದ ಇಲಿಗಳೇ ಹೆಚ್ಚು ಬದುಕಿದವು. ಊಟಕ್ಕಿಂತ ವಂಶದ ಪಾಲೇ ಜಾಸ್ತಿ.

ಇನ್ನು ಮಾತ್ರೆಗಳು. ರಾಪಮೈಸಿನ್ ಕಥೆ ನನಗೆ ಬಲು ಇಷ್ಟ. 1964ರಲ್ಲಿ ಕೆನಡಾದ ತಂಡವೊಂದು ಈಸ್ಟರ್ ದ್ವೀಪದಿಂದ ಮಣ್ಣು ತಂದಿತು. ಆ ದ್ವೀಪದ ಸ್ಥಳೀಯ ಹೆಸರು ರಾಪಾ ನೂಯಿ, ಔಷಧದ ಹೆಸರು ಅಲ್ಲಿಂದಲೇ ಬಂತು. ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಇದನ್ನು ಬೇರ್ಪಡಿಸಿದ ತಂಡದ ಮುಂದಾಳು ಸುರೇನ್ ಸೆಹಗಲ್, ಬನಾರಸ್‌ನಲ್ಲಿ ಫಾರ್ಮಸಿ ಓದಿದವರು. ಕಂಪನಿ ಮಾಂಟ್ರಿಯಲ್ ಲ್ಯಾಬ್ ಮುಚ್ಚಿದಾಗ ಅವರು ಆ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರ್‌ನಲ್ಲಿ ಉಳಿಸಿಕೊಂಡರು. 1999ರಲ್ಲಿ ಅದು ಕಿಡ್ನಿ ಕಸಿಯಾದವರ ಔಷಧವಾಯಿತು.

ಜೀವಕೋಶದಲ್ಲಿ ಎಂಟಾರ್ ಅನ್ನುವ ಪ್ರೋಟೀನ್ ಇದೆ. ಊಟ ಸಿಗುತ್ತಿದೆಯಾ ಅಂತ ನೋಡಿ, ಸಿಕ್ಕರೆ ಬೆಳೆ ಅನ್ನುತ್ತದೆ. ಊಟ ಕಡಿಮೆಯಾದರೆ ಸುಮ್ಮನಾಗುತ್ತದೆ, ಆಗ ಕೋಶ ತನ್ನೊಳಗಿನ ಹಳೆಯ ಸಾಮಾನು ಒಡೆದು ಬಳಸಿಕೊಳ್ಳುತ್ತದೆ. ಮನೆಗೆ ದಿನಸಿ ಬರುತ್ತಲೇ ಇದ್ದರೆ ಅಟ್ಟದ ಮೇಲಿನ ಹಳೆ ಡಬ್ಬ ಯಾರು ಇಳಿಸಿ ನೋಡುತ್ತಾರೆ? ರಾಪಮೈಸಿನ್ ಈ ಎಂಟಾರನ್ನೇ ತಡೆಯುತ್ತದೆ. 2009ರಲ್ಲಿ, 600 ದಿನ ವಯಸ್ಸಾದ, ಅಂದರೆ ಮುದಿಯಾಗುತ್ತಿದ್ದ ಇಲಿಗಳಿಗೆ ಕೊಟ್ಟರೂ ಗಂಡಿನ ಆಯಸ್ಸು 9%, ಹೆಣ್ಣಿನದು 14% ಹೆಚ್ಚಿತು. ಇದು ಗಟ್ಟಿ ಫಲಿತಾಂಶ, ಬೇರೆ ಬೇರೆ ಲ್ಯಾಬ್‌ಗಳಲ್ಲಿ ಮತ್ತೆ ಮತ್ತೆ ಬಂದಿದೆ. ಆದರೆ ಇದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ. ಬಾಯಿಹುಣ್ಣು, ಕೊಲೆಸ್ಟ್ರಾಲ್ ಏರುವುದು, ಗಾಯ ನಿಧಾನಕ್ಕೆ ಮಾಯುವುದು, ಇವೆಲ್ಲ ಇದರ ಜೊತೆ ಬರಬಹುದು.

ಮೆಟ್‌ಫಾರ್ಮಿನ್ ಶುಗರ್ ಇರುವವರಿಗೆ ಒಳ್ಳೆಯ, ಅಗ್ಗದ ಔಷಧ. ಆದರೆ ಮೂರು ಲ್ಯಾಬ್‌ಗಳಲ್ಲಿ ಒಟ್ಟಿಗೆ ನಡೆಸಿದ ಇಲಿ ಪ್ರಯೋಗದಲ್ಲಿ ಅದೊಂದೇ ಕೊಟ್ಟಾಗ ಆಯಸ್ಸು ಗಮನಾರ್ಹವಾಗಿ ಹೆಚ್ಚಲಿಲ್ಲ. 65 ದಾಟಿದ ಸುಮಾರು 3000 ಜನರ ಮೇಲೆ ಪರೀಕ್ಷಿಸಬೇಕು ಅಂತ ಅಮೆರಿಕದ ವೃದ್ಧಾಪ್ಯ ಸಂಶೋಧಕ ನೀರ್ ಬಾರ್ಜಿಲಾಯ್ ವರ್ಷಗಟ್ಟಲೆ ಹಣಕ್ಕಾಗಿ ಓಡಾಡಿದ್ದಾರೆ. ಪೇಟೆಂಟ್ ಮುಗಿದ ಮಾತ್ರೆಗೆ ಕಂಪನಿಗಳು ಯಾಕೆ ದುಡ್ಡು ಹಾಕುತ್ತವೆ ಹೇಳಿ. ಇನ್ನೂ ಎರಡು ಮಾತು. ಬಹಳ ದಿನ ತಗೊಂಡರೆ ಬಿ12 ಇಳಿಯಬಹುದು, ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ. ವ್ಯಾಯಾಮ ಮಾಡುವ ಹಿರಿಯರಲ್ಲಿ ಇದು ಮಾಂಸಖಂಡ ಬೆಳೆಯುವುದನ್ನು ತಗ್ಗಿಸಿದ್ದು 2019ರ ಅಧ್ಯಯನದಲ್ಲಿ ಕಂಡಿದೆ.

ಶುಗರ್‌ಗೆ ಕೊಡುವ ಇನ್ನೊಂದು ಮಾತ್ರೆ ಅಕಾರ್ಬೋಸ್ ಗಂಡು ಇಲಿಗಳ ಸರಾಸರಿ ಆಯಸ್ಸನ್ನು 22% ಹೆಚ್ಚಿಸಿತು, ಹೆಣ್ಣಿನಲ್ಲಿ ಬರೀ 5%. ಪಿಷ್ಟ ಜೀರ್ಣವಾಗುವುದನ್ನು ತಡೆಯುವುದು ಇದರ ಕೆಲಸ. ಅನ್ನ, ಮುದ್ದೆ ತಿಂದು ಇದನ್ನು ನುಂಗಿದರೆ ಗ್ಯಾಸ್ ಆಗಿ ಪಕ್ಕದಲ್ಲಿ ಕೂತವರಿಗೂ ಕಷ್ಟ. ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಬಗ್ಗೆ ಬಹಳ ಗದ್ದಲವಾಯಿತು, ಸಾಮಾನ್ಯ ಇಲಿಗಳಲ್ಲಿ ಆಯಸ್ಸು ಹೆಚ್ಚಲಿಲ್ಲ. ಅದಕ್ಕೆ ದುಡ್ಡು ಹಾಕಬೇಡಿ.

ರಾತ್ರಿ ಊಟ ಬಿಟ್ಟಿರುವುದಕ್ಕೆ ನನ್ನ ತಕರಾರಿಲ್ಲ, ತೂಕ ಇಳಿಯುತ್ತಾ ಹೋಗದಿದ್ದರೆ ಸಾಕು. ಬಿಟ್ಟ ಊಟದ ಬೇಳೆ, ಕಾಳು, ಮೊಸರನ್ನು ಹಗಲಲ್ಲೇ ತಿನ್ನಿ, ವಾರಕ್ಕೆ ಎರಡು ಸಲವಾದರೂ ಭಾರ ಎತ್ತಿ. ಮುಂದೆ ಶುಗರ್ ಬಂದು ಡಾಕ್ಟರ್ ಮೆಟ್‌ಫಾರ್ಮಿನ್ ಕೊಟ್ಟರೆ ನಿಶ್ಚಿಂತೆಯಿಂದ ತಗೊಳ್ಳಿ, ಅದು ಬೇರೆ ವಿಷಯ. ಬರೀ ಆಯಸ್ಸಿಗೆ ಅಂತ ಯಾರಾದರೂ ಬರೆದುಕೊಟ್ಟರೆ, ಮನುಷ್ಯರ ಮೇಲಿನ ಯಾವ ಪ್ರಯೋಗ ನೋಡಿ ಕೊಡುತ್ತಿದ್ದೀರಿ ಅಂತ ಕೇಳಿ.